ತವರು ಮನೆಯಿಲ್ಲದ ತವರೂರು

ಬೆಂಗಳೂರಿನಲ್ಲೂ ಒಂದು ರಾಗಿಗುಡ್ಡ ಇದೆ. ಜಯನಗರದ ಕಡೆಯ ಆಂಜನೇಯನ ಗುಡಿಯಿಂದ ಎಲ್ಲರಿಗೂ ಗೊತ್ತಿರುವ ಜಾಗ. 2025ರ ಆಗಸ್ಟ್‌ನಲ್ಲಿ ಮೆಟ್ರೋ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆಯ ನಂತರದ ನಿಲ್ದಾಣಕ್ಕೂ ಅದೇ ಹೆಸರು ಬಂತು. ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೆ ಹೋಗುವ ನಮ್ಮಂಥವರು ಅದನ್ನು ದಿನಾ ದಾಟುತ್ತೇವೆ. ಒಂದು ದಿನ ಪಕ್ಕದಲ್ಲಿ ನಿಂತಿದ್ದ ಸಹೋದ್ಯೋಗಿಗೆ "ನಾನು ಬೆಳೆದದ್ದೂ ರಾಗಿಗುಡ್ಡದಲ್ಲೇ, ಆದರೆ ಶಿವಮೊಗ್ಗದ ರಾಗಿಗುಡ್ಡ" ಎಂದೆ. ಅವಳು ಕುತೂಹಲಕ್ಕೆ ಫೋನಿನಲ್ಲಿ ಹುಡುಕಿದಳು. ಬಂದದ್ದೆಲ್ಲ ಒಂದೇ ಸುದ್ದಿ. 2023ರ ಅಕ್ಟೋಬರ್ 1, ಈದ್ ಮಿಲಾದ್ ಮೆರವಣಿಗೆ, ಕಲ್ಲು ತೂರಾಟ, ನಿಷೇಧಾಜ್ಞೆ. "ಅಯ್ಯೋ, ನೀನು ಬೆಳೆದದ್ದು ಇಲ್ಲಾ?" ಎಂದಳು.

ಹೌದು, ಅಲ್ಲೇ. ಅಪ್ಪನದು ಬ್ಯಾಂಕ್ ಕೆಲಸ. ಅವರಿಗೆ ಶಿವಮೊಗ್ಗಕ್ಕೆ ವರ್ಗವಾದಾಗ ನಾನು ಎಂಟನೇ ಕ್ಲಾಸು. ಬಾಡಿಗೆ ಕಮ್ಮಿ, ಮನೆ ದೊಡ್ಡದು ಅಂತ ರಾಗಿಗುಡ್ಡದಲ್ಲಿ ಮನೆ ಹಿಡಿದರು. ಅಲ್ಲಿಂದಲೇ ಹೈಸ್ಕೂಲು, ಪಿಯುಸಿ, ಆಮೇಲೆ ನವುಲೆಯ ಜೆಎನ್‌ಎನ್‌ಸಿಇಯಲ್ಲಿ ನಾಲ್ಕು ವರ್ಷ ಬಿ.ಇ. ಓದಿದೆ. 2014ರ ನವೆಂಬರ್ 1ರಂದು ಊರಿನ ಹೆಸರು ಇಂಗ್ಲಿಷಿನಲ್ಲೂ 'ಶಿಮೊಗ' ಹೋಗಿ 'ಶಿವಮೊಗ್ಗ' ಆಯಿತಲ್ಲ, ಹಾಗಾಗಿ ನನ್ನ ಹಳೆ ಕಾಗದಪತ್ರಗಳಲ್ಲಿ ಒಂದು ಸ್ಪೆಲ್ಲಿಂಗು, ಹೊಸದರಲ್ಲಿ ಇನ್ನೊಂದು. 2017ರಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದೆ. ಅಪ್ಪ ನಿವೃತ್ತರಾಗಿ ಅಮ್ಮನ ಜೊತೆ ಹಿರಿಯೂರಿನ ಕಡೆಯ ನಮ್ಮ ಹಳ್ಳಿಗೆ ಹೋದರು. ಬಾಡಿಗೆ ಮನೆಗೆ ಬೇರೆಯವರು ಬಂದರು.

ಹೆಣ್ಣುಮಕ್ಕಳಿಗೆ ಊರಿಗೆ ಹೋಗುವುದು ಎಂದರೆ ತವರಿಗೆ ಹೋಗುವುದು. ಬಸ್‌ಸ್ಟ್ಯಾಂಡಿಗೆ ಅಪ್ಪನೋ ಅಣ್ಣನೋ ಬಂದು ನಿಂತಿರಬೇಕು, ಅಡುಗೆಮನೆಯಲ್ಲಿ ಏನೋ ಘಮ್ ಅನ್ನುತ್ತಿರಬೇಕು. ಶಿವಮೊಗ್ಗದಲ್ಲಿ ನನಗೆ ಅದೊಂದೂ ಇಲ್ಲ. ಸ್ವಂತದ ಇಟ್ಟಿಗೆ ಒಂದಿಲ್ಲ, ನೆಂಟರಿಲ್ಲ. ಇರುವುದು ಇಬ್ಬರು ಗೆಳತಿಯರು. ಕಳೆದ ಡಿಸೆಂಬರ್‌ನಲ್ಲಿ ಮೂರು ದಿನ ರಜೆ ಹಾಕಿ ಅವರನ್ನು ನೋಡಿಕೊಂಡು ಬಂದೆ.

ನಮ್ಮ ಕಡೆ ಸೊಸೆಯರನ್ನು ಅವರ ಊರಿನ ಹೆಸರು ಹಿಡಿದು ಕರೆಯುವುದುಂಟು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. 'ಹೆಸರು ಮಾತ್ರ ಹಾಕಬೇಡ ಮಾರಾಯ್ತಿ' ಎಂದು ಇಬ್ಬರೂ ಹೇಳಿದ್ದಾರೆ. ಹಾಗಾಗಿ ಒಬ್ಬಳು ಭದ್ರಾವತಿಯವಳು, ಇನ್ನೊಬ್ಬಳು ರಾಗಿಗುಡ್ಡದವಳು.

ಬೆಂಕಿಪುರದ ಹುಡುಗಿ

ಬೆಂಗಳೂರಿನ ರೈಲು ಬೀರೂರಿನಲ್ಲಿ ಹುಬ್ಬಳ್ಳಿಯ ದಾರಿ ಬಿಟ್ಟು ಎಡಕ್ಕೆ ಹೊರಳಿದರೆ ಕಿಟಕಿಯ ಹೊರಗಿನ ಬಣ್ಣವೇ ಬದಲಾಗುತ್ತದೆ. ತರೀಕೆರೆ ದಾಟಿದ ಮೇಲೆ ತೋಟಗಳು ಹತ್ತಿರ ಬರುತ್ತವೆ. ಶಿವಮೊಗ್ಗಕ್ಕಿಂತ ಮೊದಲು ಭದ್ರಾವತಿ. ಅಲ್ಲೇ ಇಳಿದೆ.

ಭದ್ರಾವತಿಯವಳು ನನ್ನ ಎಂಜಿನಿಯರಿಂಗ್ ಜೊತೆಗಾತಿ. ನಾಲ್ಕು ವರ್ಷ ದಿನಾ ಬಸ್ಸಿನಲ್ಲಿ ಬಂದುಹೋಗಿ ಓದಿದವಳು. ಸ್ಕೂಟಿ ತಂದು ಸ್ಟೇಷನ್ ಹೊರಗೆ ನಿಂತಿದ್ದಳು. "ಏನೇ, ಇಷ್ಟು ಸಣ್ಣ ಆಗಿದೀಯ? ಅಲ್ಲಿ ಊಟ ಹಾಕಲ್ವಾ?" ಎಂದಳು. ಎಂಟು ವರ್ಷದಲ್ಲಿ ನಾನು ಎಂಟು ಕೆ.ಜಿ. ಹೆಚ್ಚಿದ್ದೇನೆ. ಆದರೂ ಕೇಳಿ ಖುಷಿಯಾಯಿತು.

ಹಿಂದೆ ಈ ಊರಿಗೆ ಬೆಂಕಿಪುರ ಎಂಬ ಹೆಸರಿತ್ತು. ಆ ಹೆಸರಿಗೆ ತಕ್ಕ ಹಾಗೆ ಮೈಸೂರು ಅರಸರ ಕಾಲದಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಎದ್ದಿತು. 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಕುಲುಮೆ ಹೊತ್ತಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡ ಕಾಡಿನ ಇದ್ದಿಲು, ಭದ್ರೆಯ ನೀರು ಮೂರೂ ಹತ್ತಿರದಲ್ಲೇ ಇದ್ದವು. ಕಾರ್ಖಾನೆಯನ್ನು ಕಾಲ ಮೇಲೆ ನಿಲ್ಲಿಸಿದ ವಿಶ್ವೇಶ್ವರಯ್ಯನವರ ಹೆಸರೇ ಮುಂದೆ ಅದಕ್ಕೆ ಬಂತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ, ಅಂದರೆ ಎಂಪಿಎಂ, ಸ್ಥಾಪನೆಯಾಯಿತು. ಕನ್ನಡದ ಎಷ್ಟೋ ಪತ್ರಿಕೆಗಳು ಅಚ್ಚಾದದ್ದು ಅಲ್ಲಿನ ಕಾಗದದ ಮೇಲೆ. ಈ ಎರಡು ಗೇಟುಗಳನ್ನು ನಂಬಿ ತಮಿಳರು, ತೆಲುಗರು, ಮಲಯಾಳಿಗಳು, ಮರಾಠಿಗರು ಎಲ್ಲರೂ ಬಂದರು. ಗೆಳತಿಯ ಬೀದಿಯಲ್ಲಿ ಈಗಲೂ ಒಂದು ಜಗಳ ಮೂರು ಭಾಷೆಯಲ್ಲಿ ನಡೆದು ಕನ್ನಡದಲ್ಲಿ ರಾಜಿಯಾಗುತ್ತದೆ.

ನಾವು ಓದುತ್ತಿದ್ದಾಗಲೇ, 2015ರಲ್ಲಿ, ಎಂಪಿಎಂನಲ್ಲಿ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕುಳಿತರು. ಅದೇ ವರ್ಷ ಆಗಸ್ಟ್‌ನಲ್ಲಿ ಒಂದು ಘಟಕದ ಕೆಲಸ ಮತ್ತೆ ಸ್ವಲ್ಪ ಶುರುವಾಯಿತು. ಇವಳ ಅಪ್ಪ ಈ ಎರಡರಲ್ಲಿ ಒಂದು ಕಾರ್ಖಾನೆಯಲ್ಲಿ ದುಡಿದವರು. ಈಗ ಮನೆಯಲ್ಲಿದ್ದಾರೆ. "ಮೊದಲು ಸೈರನ್ ಕೂಗಿದ್ರೆ ಗಡಿಯಾರ ಸರಿ ಮಾಡ್ಕೋತಿದ್ವಮ್ಮ. ಈಗ ಫೋನ್ ನೋಡ್ಬೇಕು" ಎಂದರು. ಅಷ್ಟು ಹೇಳಿ, "ಅಕ್ಕಿ ರೊಟ್ಟಿ ಆರುತ್ತೆ, ತಿನ್ನು" ಎಂದರು. ಹಿತಕಿದವರೆ ಸಾರಿನ ಜೊತೆ ಮೂರು ರೊಟ್ಟಿ ಹೋದದ್ದು ಗೊತ್ತಾಗಲಿಲ್ಲ.

ನಮ್ಮ ಬ್ಯಾಚಿನಲ್ಲಿ ಚೆನ್ನಾಗಿ ಕೋಡ್ ಬರೆಯುತ್ತಿದ್ದವಳು ಇವಳೇ. ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸವೂ ಸಿಕ್ಕಿತ್ತು. ಕೊರೊನಾ ಕಾಲದಲ್ಲಿ ಮನೆಗೆ ಬಂದವಳು ಇಲ್ಲಿಂದಲೇ ಎರಡು ವರ್ಷ ದುಡಿದಳು. ಎಲ್ಲರೂ ಆಫೀಸಿಗೆ ಬರಲೇಬೇಕು ಎಂದು ಕಂಪನಿ ಮೇಲ್ ಕಳಿಸಿದಾಗ ಅಪ್ಪನಿಗೆ ಹೃದಯದ ಆಪರೇಷನ್ ಆಗಿ ಒಂದು ತಿಂಗಳಾಗಿತ್ತು. ಇವಳು ರಾಜೀನಾಮೆ ಕೊಟ್ಟಳು. ಈಗ ಮನೆಯ ಮುಂದಿನ ಕೋಣೆಯಲ್ಲಿ ಪಿಯುಸಿ ಮಕ್ಕಳಿಗೆ ಗಣಿತ, ಕಂಪ್ಯೂಟರ್ ಸೈನ್ಸ್ ಟ್ಯೂಷನ್. ರಾತ್ರಿ ಫ್ರೀಲಾನ್ಸ್ ಕೆಲಸ.

ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಸಂಜೆ ಹೋದೆವು. ಹೊಯ್ಸಳರ ಕಾಲದ ತ್ರಿಕೂಟ, ಮೂರು ಗರ್ಭಗುಡಿ. ಬೇಲೂರು, ಹಳೇಬೀಡಿನ ನೂಕುನುಗ್ಗಲು ಇಲ್ಲಿಲ್ಲ. ಜಗಲಿಯ ಮೇಲೆ ಕೂತು ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು.

"ನಿಂಗೆ ಬೇಜಾರಾಗಲ್ವಾ?" ಎಂದು ಕೇಳಿದೆ.

"ಕೆಲಸ ಬಿಟ್ಟಿದ್ದಕ್ಕೆ ಇಲ್ಲ. ಜನ ಕೇಳೋ ರೀತಿಗೆ ಬೇಜಾರು. ಭದ್ರಾವತಿ ಅಂದ ತಕ್ಷಣ 'ಓ, ಫ್ಯಾಕ್ಟರಿ ಮುಚ್ಚಿತಲ್ಲ ಆ ಊರಾ?' ಅಂತಾರೆ. ಫ್ಯಾಕ್ಟರಿಗೆ ಬೀಗ ಹಾಕಿದ್ರೆ ನಾವೂ ಎಲ್ಲ ಬೀಗ ಹಾಕ್ಕೊಂಡು ಹೋದ್ವಿ ಅಂತ ತಿಳ್ಕೊಂಡಿದಾರೆ. ನನ್ನ ಹತ್ರ ಈಗ ನಲವತ್ತು ಮಕ್ಕಳು ಬರ್ತಾರೆ ಕಣೇ. ಅವ್ರೆಲ್ಲ ಎಲ್ಲಿಂದ ಬಂದ್ರು?"

ಇದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕ ಬಿಡಿಸಿ ತೋರಿಸುವವಳ ಹಾಗೆ ಹೇಳಿದಳು. ನಾನು ಮೆಟ್ರೋದಲ್ಲಿ ನಡೆದದ್ದನ್ನು ಹೇಳಿದೆ. ನಾಳೆ ರಾಗಿಗುಡ್ಡಕ್ಕೆ ಹೋಗುತ್ತೇನೆ, ನೀನೂ ಬಾ ಎಂದೆ. "ರಾಗಿಗುಡ್ಡಾನಾ?" ಎಂದಳು. ದನಿ ಸ್ವಲ್ಪ ಎಳೆಯಿತು. ಆಮೇಲೆ ಅವಳಿಗೇ ನಗು ಬಂತು. "ನೋಡು, ಈಗ ತಾನೇ ಭಾಷಣ ಮಾಡ್ದೆ. ಬರ್ತೀನಿ ನಡಿ."

ಬಿ.ಎಚ್. ರಸ್ತೆಯಲ್ಲಿ

ಭದ್ರೆಯ ಊರಿನಿಂದ ತುಂಗೆಯ ಊರಿಗೆ ಸುಮಾರು ಇಪ್ಪತ್ತು ಕಿಲೋಮೀಟರು. ಬಸ್ಸಿನಲ್ಲಿ ಮುಕ್ಕಾಲು ಗಂಟೆ ಸಾಕು. ನದಿಗಳು ಮಾತ್ರ ಅವಸರ ಮಾಡದೆ ಕೂಡಲಿಯವರೆಗೆ ಬೇರೆ ಬೇರೆಯಾಗಿ ಹೋಗಿ ಅಲ್ಲಿ ಕೂಡುತ್ತವೆ. ಬಿ.ಎಚ್. ರಸ್ತೆ ಎಂದರೆ ಬೆಂಗಳೂರು–ಹೊನ್ನಾವರ ರಸ್ತೆ. ನಾವು ಓದುವಾಗ ಅದನ್ನು 'ಭದ್ರಾವತಿ ಹೆದ್ದಾರಿ' ಎಂದು ಇವಳು ಎಲ್ಲರಿಗೂ ನಂಬಿಸಿದ್ದಳು.

ಮಾಚೇನಹಳ್ಳಿಯ ಡೇರಿ ಅದೇ ಜಾಗದಲ್ಲಿದೆ. ಹೊಸದೆಂದರೆ ಸೋಗಾನೆಯ ವಿಮಾನ ನಿಲ್ದಾಣ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು, ಆಗಸ್ಟ್ ಕೊನೆಗೆ ಬೆಂಗಳೂರಿನಿಂದ ಮೊದಲ ವಿಮಾನ ಇಳಿಯಿತು. ಕುವೆಂಪು ಅವರ ಹೆಸರು, ಕಮಲದ ಆಕಾರದ ಕಟ್ಟಡ. ಅದೇ ವರ್ಷದ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ಸುದ್ದಿ, ಫೆಬ್ರವರಿಯಲ್ಲಿ ವಿಮಾನ, ಅಕ್ಟೋಬರ್‌ನಲ್ಲಿ ಕಲ್ಲು. ನಮ್ಮ ಜಿಲ್ಲೆ ಒಂದೇ ವರ್ಷ ಎಷ್ಟು ಸಲ ಪೇಪರಿನ ಮುಖಪುಟಕ್ಕೆ ಬಂತು ಎಂದು ಬಸ್ಸಿನಲ್ಲಿ ಇಬ್ಬರೂ ಬೆರಳು ಮಡಚಿ ಎಣಿಸಿದೆವು.

ವಿದ್ಯಾನಗರದ ಸುತ್ತುವ ಮೇಲ್ಸೇತುವೆ ನನಗೆ ಹೊಸದು. ಸಹ್ಯಾದ್ರಿ ಕಾಲೇಜಿನ ಮರಗಳು ಹಳೆಯವು. ಹಳೆ ಸೇತುವೆಯ ಮೇಲೆ ಬಸ್ಸು ನಿಧಾನ ಮಾಡಿದಾಗ ಕೆಳಗೆ ತುಂಗೆ ತೆಳ್ಳಗೆ ಹರಿಯುತ್ತಿತ್ತು. 'ಗಂಗಾ ಸ್ನಾನ, ತುಂಗಾ ಪಾನ' ಎನ್ನುತ್ತಾರೆ. ಒಂಬತ್ತು ವರ್ಷ ಆ ನೀರು ಕುಡಿದವಳಿಗೆ ಬೆಂಗಳೂರಿನ ಕ್ಯಾನ್ ನೀರು ಇವತ್ತಿಗೂ ಹಿಡಿಸಿಲ್ಲ. ಬಸ್‌ಸ್ಟ್ಯಾಂಡಿನಿಂದ ಗೋಪಿ ಸರ್ಕಲ್, ದುರ್ಗಿಗುಡಿಯವರೆಗೆ ನಡೆದು ಒಂದು ಮಸಾಲೆ ಮಂಡಕ್ಕಿ ಕಟ್ಟಿಸಿಕೊಂಡೆವು. ಬರಿಗೈಲಿ ಹೋಗಬಾರದಲ್ಲ, ಮಕ್ಕಳಿರುವ ಮನೆ. ಆಮೇಲೆ ಆಟೋ ಹಿಡಿದೆವು. "ರಾಗಿಗುಡ್ಡ" ಎಂದೆ. ಡ್ರೈವರಣ್ಣ ಒಂದು ಮಾತೂ ಆಡದೆ ಮೀಟರ್ ಹಾಕಿದರು. ಅಷ್ಟಕ್ಕೇ ನನಗೆ ಸಮಾಧಾನವಾಯಿತು.

ಅಳತೆ ಬ್ಲೌಸು

ರಾಗಿಗುಡ್ಡದವಳು ನನ್ನ ಹೈಸ್ಕೂಲ್ ಗೆಳತಿ. ನಮ್ಮ ಬಾಡಿಗೆ ಮನೆಯಿಂದ ನಾಲ್ಕನೇ ಮನೆ ಅವಳದು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇಬ್ಬರೂ ಬೆಳಿಗ್ಗೆ ಗುಡ್ಡ ಹತ್ತಿ ಓದುತ್ತಿದ್ದೆವು. ಅವಳು ಸಮಾಜ ಗಟ್ಟಿಯಾಗಿ ಓದುವವಳು, ನಾನು ಗಣಿತ ಮೌನವಾಗಿ ಮಾಡುವವಳು. ಹಾಗಾಗಿ ನನಗೆ ಸಮಾಜದಲ್ಲಿ ಒಳ್ಳೆ ಮಾರ್ಕ್ಸ್ ಬಂತು, ಅವಳಿಗೆ ಗಣಿತದಲ್ಲಿ ಬರಲಿಲ್ಲ. ಈಗಲೂ ಅದನ್ನು ಹೇಳಿ ಬೈಯುತ್ತಾಳೆ. ಬಿ.ಕಾಂ. ಆದ ಮೇಲೆ ಅದೇ ಬಡಾವಣೆಯಲ್ಲಿ ಮದುವೆಯಾಯಿತು. ಗಂಡನದು ಟೈಲ್ಸ್ ಹಾಕುವ ಕೆಲಸ. ಇವಳು ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಬ್ಲೌಸು, ಚೂಡಿದಾರ್ ಹೊಲಿಯುತ್ತಾಳೆ. ಆರಿ ವರ್ಕ್ ಕಲಿತ ಮೇಲೆ ಮದುವೆ ಬ್ಲೌಸುಗಳೂ ಬರುತ್ತವೆ.

ಬಾಗಿಲಲ್ಲೇ ಅವಳ ಅಮ್ಮಿ ನನ್ನ ಎರಡೂ ಕೆನ್ನೆ ಹಿಡಿದು "ಬಂದ್ಯಾ ಬೇಟಾ" ಎಂದರು. ಭದ್ರಾವತಿಯವಳನ್ನು ನೋಡಿ "ಇವಳೂ ನಿನ್ನ ಹಂಗೇ ಕಂಪ್ಯೂಟರಾ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಒಳಗೆ ಹೋದರು. ನಾನು ಮಾಂಸ ತಿನ್ನುವುದಿಲ್ಲ ಎಂದು ಅವರಿಗೆ ಗೊತ್ತು. ನನಗಾಗಿ ಶಾವಿಗೆ ಪಾಯಸ ಮೊದಲೇ ಮಾಡಿಟ್ಟಿದ್ದರು. ಏಳು ವರ್ಷದ ಮಗಳು 'ಖಾಲಾ' ಎಂದು ಕರೆದು ಮಂಡಕ್ಕಿ ಪೊಟ್ಟಣ ಇಸಿದುಕೊಂಡಳು.

ಹೊಲಿಗೆ ಕೋಣೆಯಲ್ಲಿ ಗೋಡೆಯುದ್ದಕ್ಕೂ ಮೊಳೆ, ಪ್ರತಿ ಮೊಳೆಗೂ ಒಂದು ಪ್ಲಾಸ್ಟಿಕ್ ಕವರು. ಒಂದೊಂದರಲ್ಲೂ ಒಂದೊಂದು ಮನೆಯ ಅಳತೆ ಬ್ಲೌಸು. ಕಾಯಂ ಗಿರಾಕಿಗಳು ಪ್ರತಿ ಸಲ ಅಳತೆ ಕೊಡುವುದಿಲ್ಲ. ಚೆನ್ನಾಗಿ ಕೂರುವ ಒಂದು ಹಳೆ ಬ್ಲೌಸನ್ನು ಟೈಲರ್ ಹತ್ತಿರವೇ ಬಿಟ್ಟಿರುತ್ತಾರೆ. ಹಾಗೆ ಬಿಟ್ಟಿದ್ದಾರೆ ಎಂದರೆ ಮತ್ತೆ ಬರುತ್ತಾರೆ ಎಂದರ್ಥ. ಅವಳು ಒಂದು ಕವರ್ ಇಳಿಸಿ ನನ್ನ ಮುಂದೆ ಹಿಡಿದಳು. ಬಿ.ಇ. ಕೊನೆ ವರ್ಷದ ಬೀಳ್ಕೊಡುಗೆಗೆ ಹೊಲಿಸಿದ್ದ ನನ್ನ ನೀಲಿ ಬ್ಲೌಸಿನ ಅಳತೆ! ಎಂಟು ವರ್ಷ ಇಟ್ಟಿದ್ದಾಳೆ.

"ಇದು ಈಗ ನನ್ನ ಒಂದು ಕೈಗೆ ಆಗುತ್ತೆ" ಎಂದೆ. ಮೂವರೂ ನಕ್ಕೆವು.

ಕೊನೆಯ ಮೊಳೆಯಲ್ಲಿ ಎರಡು ಕವರು ಬೇರೆಯಾಗಿದ್ದವು. ಭದ್ರಾವತಿಯವಳು ಅವು ಯಾರದು ಎಂದು ಸುಮ್ಮನೆ ಕೇಳಿದಳು. ರಾಗಿಗುಡ್ಡದವಳು ಮೆಷಿನ್ ಮೇಲಿನ ದಾರ ಬಿಡಿಸುತ್ತಾ, "ಅವರು ಅವತ್ತಿನಿಂದ ಬಂದಿಲ್ಲ" ಎಂದಳು.

ಅವತ್ತು ಭಾನುವಾರ. ಟೀವಿಯಲ್ಲಿ ರಾಗಿಗುಡ್ಡ ಎಂಬ ಅಕ್ಷರ ನೋಡಿದ ಕೂಡಲೇ ಬೆಂಗಳೂರಿನಿಂದ ಫೋನ್ ಮಾಡಿದ್ದೆ. "ಚೆನ್ನಾಗಿದೀವಿ, ಆಮೇಲೆ ಮಾಡ್ತೀನಿ" ಎಂದಿದ್ದಳು. ಆಮೇಲೆ ಎಷ್ಟೋ ಸಲ ಮಾತಾಡಿದ್ದೇವೆ, ಆ ವಿಷಯ ಮಾತ್ರ ಬಂದಿರಲಿಲ್ಲ. ಈಗ ಅವಳಾಗಿಯೇ ಹೇಳಿದಳು.

ಆ ಸಂಜೆ ಇವಳ ಮಗಳು ನಮ್ಮ ಹಳೆ ಮನೆಯ ಓನರ್ ಆಂಟಿಯ ಮೊಮ್ಮಗನ ಜೊತೆ ಆಡಲು ಹೋಗಿದ್ದಳು. ಹೊರಗೆ ಕೂಗಾಟ ಕೇಳಿಸಿದಾಗ ಆಂಟಿ ಬಾಗಿಲು ಹಾಕಿ ಎರಡೂ ಮಕ್ಕಳನ್ನು ಒಳಕೋಣೆಗೆ ಕರೆದುಕೊಂಡರು. ನಾಲ್ಕು ಮನೆಯಷ್ಟೇ ದೂರ, ಆದರೆ ಆ ರಾತ್ರಿ ದಾಟಲಾಗದ ದೂರ. "ಆಂಟಿ ಫೋನ್ ಮಾಡಿ, ನಿನ್ನ ಮಗಳು ಚಿತ್ರಾನ್ನ ತಿಂದು ಮಲಗಿದಾಳೆ, ನೀನು ಹೊರಗೆ ಬರಬೇಡ ಅಂದ್ರು. ಇಡೀ ರಾತ್ರಿ ಅಮ್ಮಿ ತಸ್ಬಿ ಹಿಡ್ಕೊಂಡು ಕೂತಿದ್ರು. ಬೆಳಿಗ್ಗೆ ಬೀದಿ ತುಂಬ ಪೊಲೀಸು." ಬೀದಿಯಲ್ಲಿ ಎರಡೂ ಕಡೆಯವರ ಮನೆಗಳಲ್ಲಿ ಭಯ ಒಂದೇ ಥರ ಇತ್ತು ಎಂದಳು.

"ಹಾಗಾದ್ರೆ ಎಲ್ಲ ಸರಿ ಹೋಯ್ತು ಅನ್ನು" ಎಂದಳು ಭದ್ರಾವತಿಯವಳು.

"ಇಲ್ಲ ಅಕ್ಕ. ಮೊದಲಿನ ಹಾಗೇ ಇದೆ ಅಂದ್ರೆ ಸುಳ್ಳಾಗುತ್ತೆ. ಆಂಟಿ ಇದಾರೆ, ಆಂಟಿ ಥರದವರು ತುಂಬ ಜನ ಇದಾರೆ. ಆದ್ರೆ ಈ ಎರಡು ಕವರೂ ಇದಾವೆ. ನಮ್ಮ ಕಡೆಯವರೇ ಕೆಲವರು ಮನೆ ಖಾಲಿ ಮಾಡಿ ಬೇರೆ ಏರಿಯಾಕ್ಕೆ ಹೋಗು ಅಂದ್ರು. ಮಗಳ ಸ್ಕೂಲಲ್ಲಿ ಒಬ್ಬರು ತಾಯಿ, 'ನೀವು ರಾಗಿಗುಡ್ಡದಲ್ಲಿ ಇರೋದಾ?' ಅಂತ ಒಂಥರಾ ಕೇಳಿದ್ರು. ಅವತ್ತಿಂದ ಯಾರಾದ್ರೂ ಕೇಳಿದ್ರೆ ಶಾಂತಿನಗರ ಅಂತೀನಿ. ಪಕ್ಕದ ಹೆಸರೇ ಅಲ್ವಾ, ಸುಳ್ಳೇನಲ್ಲ. ಶಾಂತಿನಗರ ಅಂದ್ರೆ ಯಾರೂ ಏನೂ ಕೇಳಲ್ಲ."

ಹೆಸರಿನಲ್ಲಿರುವ ತಮಾಷೆ ಅವಳಿಗೂ ಗೊತ್ತು, ನಮಗೂ ಗೊತ್ತು. ಯಾರೂ ನಗಲಿಲ್ಲ. ಭದ್ರಾವತಿಯವಳು ಮಾತ್ರ, "ನಂಗೆ ಅರ್ಥ ಆಗುತ್ತೆ. ನಾನೂ ಬೆಂಗಳೂರಲ್ಲಿದ್ದಾಗ ಶಿವಮೊಗ್ಗ ಅಂತಿದ್ದೆ" ಎಂದಳು. ಒಂದು ಗಂಟೆ ಹಿಂದೆ ಪರಿಚಯವಾದವರು ಇಬ್ಬರೂ. ಅಷ್ಟರಲ್ಲಿ ನಾನೇ ಹೊರಗಿನವಳಾಗಿದ್ದೆ. ಊರು ಬಿಟ್ಟು ಹೋದವಳಿಗೆ ಊರಿನ ಹೆಸರು ಒಂದು ನೆನಪು, ಹೇಳಿಕೊಂಡರೆ ಖುಷಿ. ಉಳಿದವರು ಆ ಹೆಸರನ್ನು ಶಾಲೆಯ ಫಾರಂನಲ್ಲಿ, ಸಾಲದ ಅರ್ಜಿಯಲ್ಲಿ, ಗಂಡು ನೋಡಲು ಬಂದವರ ಎದುರಲ್ಲಿ ದಿನಾ ಹೊರಬೇಕು.

ಸಂಜೆ ಎಲ್ಲರೂ ಗುಡ್ಡ ಹತ್ತಿದೆವು. ಅಮ್ಮಿ "ಮಂಡಿ ನೋವು" ಎಂದು ಉಳಿದರು, ಓನರ್ ಆಂಟಿ ಮೊಮ್ಮಗನನ್ನು ನಮ್ಮ ಜೊತೆ ಕಳಿಸಿ ತಾವು ಅಮ್ಮಿಗೆ ಜೊತೆಯಾಗಿ ಕೂತರು. ಮನೆಗಳು ನನ್ನ ಕಾಲಕ್ಕಿಂತ ಮೇಲಕ್ಕೆ ಹತ್ತಿವೆ. ನಾವು ಓದುತ್ತಿದ್ದ ಬಂಡೆ ಸಿಕ್ಕಿತು. ಅದರ ಮೇಲೆ ಇಬ್ಬರು ಹುಡುಗರು ಮೊಬೈಲ್ ನೋಡುತ್ತಾ ಕೂತಿದ್ದರು, ಎದ್ದು ಜಾಗ ಕೊಟ್ಟರು. ಪಶ್ಚಿಮಕ್ಕೆ ಮಲೆನಾಡಿನ ಬೆಟ್ಟಗಳು ಮಂಜಿನಲ್ಲಿ ಸಾಲಾಗಿ ನಿಂತಿದ್ದವು. ಊರಿನ ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಮಕ್ಕಳಿಬ್ಬರೂ ಕಲ್ಲು ಆರಿಸಿ ಕೆಳಗಿನ ಪೊದೆಗೆ ಎಸೆಯುತ್ತಿದ್ದರು. ರಾಗಿಗುಡ್ಡದವಳು ತಟ್ಟನೆ "ಕಲ್ಲು ಎಸೀಬೇಡಿ!" ಎಂದು ಗದರಿದಳು. ಹುಡುಗ "ಯಾಕೆ ಆಂಟಿ?" ಎಂದ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಳಗೆ ಮನೆ ಇದಾವಲ್ಲ ಪುಟ್ಟಾ" ಎಂದಳು.

ಮರುದಿನ ಹೊರಡುವಾಗ ಆಂಟಿ ನಮ್ಮ ಹಳೆ ಮನೆಯ ಹೊಸಿಲಿನಲ್ಲಿ ಕೂರಿಸಿ ಅರಿಶಿನ ಕುಂಕುಮ ಕೊಟ್ಟು ತೆಂಗಿನಕಾಯಿ, ಬ್ಲೌಸ್ ಪೀಸು ಮಡಿಲಿಗೆ ಹಾಕಿದರು. ಅಮ್ಮಿ ಎರಡು ಮೊಳ ಮಲ್ಲಿಗೆ ಕಟ್ಟಿ ತಂದು ನನಗೊಂದು, ಭದ್ರಾವತಿಯವಳಿಗೊಂದು ಮುಡಿಸಿದರು. ತವರಿನಲ್ಲಿ ಇದಕ್ಕಿಂತ ಹೆಚ್ಚೇನು ಮಾಡುತ್ತಾರೋ ನನಗೆ ಗೊತ್ತಿಲ್ಲ.

ಆಂಟಿ ಕೊಟ್ಟ ಬ್ಲೌಸ್ ಪೀಸು ಅಲ್ಲೇ ರಾಗಿಗುಡ್ಡದವಳ ಕೈ ಸೇರಿತು. ಟೇಪು ಹಿಡಿದು ಹೊಸ ಅಳತೆ ತೆಗೆದಳು, ಒಂದೊಂದು ಅಂಕಿ ಬರೆಯುವಾಗಲೂ ಗಟ್ಟಿಯಾಗಿ ಓದಿ ಮಾನ ಕಳೆದಳು. ನೀಲಿ ಬ್ಲೌಸನ್ನು ಮಾತ್ರ ಕೊಡಲಿಲ್ಲ. ಮತ್ತೆ ಅದೇ ಮೊಳೆಗೆ ನೇತುಹಾಕಿದಳು. ಭದ್ರಾವತಿಯವಳು ಸಂಕ್ರಾಂತಿಗೆ ಮುಂಚೆ ಎರಡು ಪೀಸು ತರುತ್ತೇನೆ, ಅಳತೆ ಬ್ಲೌಸೂ ತಂದು ಇಲ್ಲೇ ಬಿಡುತ್ತೇನೆ ಎಂದಳು.

ಬೆಂಗಳೂರಿನಲ್ಲಿ ಒಂದು ರೇಷ್ಮೆ ಸೀರೆಯ ಬ್ಲೌಸೂ ಇದೆ, ಅದನ್ನು ಪೋಸ್ಟಿನಲ್ಲಿ ಕಳಿಸುತ್ತೇನೆ ಎಂದು ಫೋನ್ ತೆಗೆದೆ. ಮನೆ ನಂಬರು, ಕ್ರಾಸು ಹೇಳಿದಳು. "ಏರಿಯಾ ಶಾಂತಿನಗರ ಅಂತ ಹಾಕ್ಲಾ?" ಎಂದು ಕೇಳಿದೆ.

"ಬೇಡ. ರಾಗಿಗುಡ್ಡ ಅಂತಲೇ ಬರಿ" ಎಂದಳು. "ಪೋಸ್ಟ್‌ಮ್ಯಾನ್ ಅಣ್ಣನಿಗೆ ಅದೇ ಗೊತ್ತಿರೋದು."